ಎಕ್ಸ್-ರೇ ಯಂತ್ರಕ್ಕೂ ಬೇಕು ತಪಾಸಣೆ



ಮುಂಬಯಿ ಇರಲಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಇರಲಿ, ಈಗ ಗಲ್ಲಿಗೊಂದು ಡಯಾಗ್ನೋಸ್ಟಿಕ್ ಸೆಂಟರ್. ಊರಿನಿಂದ ಚಿಕಿತ್ಸೆಗೆಂದು ಬಂದ ಅಪ್ಪ-ಅಮ್ಮ, ಅತ್ತೆ-ಮಾವಂದಿರನ್ನು ಕರೆದುಕೊಂಡು ನಾವು ಹೋಗುವುದೂ ಅಲ್ಲಿಗೇ. ಹಣ ಕಟ್ಟಿ, ರಸೀದಿ ಹಿಡಿದು, ಮೂರೆಲೆಯ ಎಚ್ಚರಿಕೆ ಚಿಹ್ನೆ ಅಂಟಿಸಿದ ಬಾಗಿಲಿನ ಮುಂದೆ ಕುಳಿತಾಗ ಕೆಲವರಿಗೆ ಭಯ: 'ಇಷ್ಟು ಸಲ ಎಕ್ಸ್-ರೇ ತೆಗೆಸಿದರೆ ಏನಾದರೂ ಆದೀತೇ?' ಇನ್ನು ಕೆಲವರಿಗೆ ಅತಿ ಧೈರ್ಯ: 'ಡಾಕ್ಟರೇ, ಹೇಗೂ ಬಂದಿದ್ದೇವೆ, ಒಂದು ಸಿ.ಟಿ. ಸ್ಕ್ಯಾನೂ ಮಾಡಿಬಿಡಿ!'

ಈ ಎರಡರ ನಡುವೆ ನಾವು ಕೇಳಬೇಕಾದ ಪ್ರಶ್ನೆಯೊಂದು ಉಳಿದುಹೋಗುತ್ತದೆ. ನಮ್ಮನ್ನು ತಪಾಸಣೆ ಮಾಡುವ ಈ ಯಂತ್ರವನ್ನು ತಪಾಸಣೆ ಮಾಡಿದವರು ಯಾರು? ಯಾವಾಗ?

ಎಷ್ಟು ವಿಕಿರಣ?

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡೋಣ. ಎಕ್ಸ್-ರೇ ಯಂತ್ರದೊಳಗೆ ವಿಕಿರಣ ವಸ್ತು ಯಾವುದೂ ಇಲ್ಲ. ವಿದ್ಯುತ್ ಹರಿದು ಟ್ಯೂಬ್ ಕೆಲಸ ಮಾಡುವ ಆ ಕ್ಷಣದಲ್ಲಷ್ಟೇ ಕಿರಣ ಹೊರಡುತ್ತದೆ. ಗುಂಡಿ ಬಿಟ್ಟರೆ ಬಲ್ಬ್ ಆರಿದ ಹಾಗೆ ಕಿರಣವೂ ನಿಲ್ಲುತ್ತದೆ. ಕೋಣೆಯ ಗಾಳಿಯಲ್ಲಾಗಲಿ, ರೋಗಿಯ ಮೈಯಲ್ಲಾಗಲಿ, ಕೈಗೆ ಕೊಡುವ ಫಿಲ್ಮಿನಲ್ಲಾಗಲಿ ಅದು ಉಳಿಯುವುದಿಲ್ಲ.

ಮೈಗೆ ತಗಲುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶ, ತಿನ್ನುವ ಆಹಾರ ಇವೆಲ್ಲದರಿಂದ ಪ್ರಪಂಚದ ಪ್ರತಿಯೊಬ್ಬ ಮನುಷ್ಯನಿಗೂ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಸಹಜವಾಗಿಯೇ ಸಿಗುತ್ತದೆ. ಎದೆಯ ಒಂದು ಎಕ್ಸ್-ರೇಯಿಂದ ಸಿಗುವುದು ಸುಮಾರು 0.1 ಅಥವಾ ಅದಕ್ಕೂ ಕಡಿಮೆ. ಅಂದರೆ ಕೆಲವು ದಿನಗಳ ಸಹಜ ವಿಕಿರಣದಷ್ಟು. ಆದರೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಇದು 8ರಿಂದ 10 ಮಿಲಿಸೀವರ್ಟ್ ಆಗಬಹುದು. ಮೂರು-ನಾಲ್ಕು ವರ್ಷಗಳ ಸಹಜ ಪ್ರಮಾಣ ಒಂದೇ ಸಲಕ್ಕೆ! ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ.ನಲ್ಲಿ ಈ ಬಗೆಯ ವಿಕಿರಣ ಇಲ್ಲವೇ ಇಲ್ಲ. (ಸೋನೋಗ್ರಫಿ ಕೇಂದ್ರದಲ್ಲಿ ತೂಗುಹಾಕುವ ಸರ್ಕಾರಿ ಎಚ್ಚರಿಕೆಯ ಫಲಕ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಗೆ ಸೇರಿದ್ದು, ವಿಕಿರಣಕ್ಕಲ್ಲ.)

ಹಾಗೆಂದು ಸಿ.ಟಿ. ಎಂದರೆ ಹೆದರಬೇಕಿಲ್ಲ. ತಲೆಗೆ ಪೆಟ್ಟು ಬಿದ್ದಾಗ, ಪಾರ್ಶ್ವವಾಯು ಬಡಿದಾಗ ಅದು ಜೀವ ಉಳಿಸುವ ಸಾಧನ. ಅಪಾಯ ಸಣ್ಣದು, ಆದರೆ ಸೊನ್ನೆ ಅಲ್ಲ. ಅದಕ್ಕಾಗಿ ವಿಕಿರಣವನ್ನು ಹಣದ ಹಾಗೆ ಲೆಕ್ಕ ಇಟ್ಟು ಖರ್ಚು ಮಾಡಬೇಕು. ಬೇಕಾದಲ್ಲಿ ಹಿಂಜರಿಯಬಾರದು, ಬೇಡವಾದಲ್ಲಿ ಪೋಲು ಮಾಡಬಾರದು.

ತಕ್ಕಡಿಗೆ ಮುದ್ರೆ ಇದ್ದಂತೆ

ಅಂಗಡಿಯ ತಕ್ಕಡಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ಸರ್ಕಾರ ಮುದ್ರೆ ಒತ್ತುವುದು ತಮಗೆ ಗೊತ್ತಿದೆ. ಎಕ್ಸ್-ರೇ ಯಂತ್ರಕ್ಕೂ ಅಂಥದೇ ಪರೀಕ್ಷೆ ಇದೆ. ಅದನ್ನು ಗುಣಮಟ್ಟ ಪರೀಕ್ಷೆ ಎನ್ನುತ್ತಾರೆ. ಅದರಲ್ಲಿ ಏನೇನು ನೋಡುತ್ತಾರೆ?

ಯಂತ್ರದ ಫಲಕದಲ್ಲಿ 70 ಕಿಲೋವೋಲ್ಟ್ ಎಂದು ಇಟ್ಟರೆ ನಿಜಕ್ಕೂ 70 ಬರುತ್ತಿದೆಯೇ? 5 ಕಿಲೋವೋಲ್ಟ್‌ಗಿಂತ ಹೆಚ್ಚು ಏರುಪೇರು ಇರಬಾರದು. ಗಡಿಯಾರ ಹೇಳಿದಷ್ಟು ಹೊತ್ತೇ ಕಿರಣ ಬರುತ್ತಿದೆಯೇ ಎಂಬುದು ಎರಡನೆಯದು. ಚಿತ್ರ ತೆಗೆಯುವ ಮುನ್ನ ಟೆಕ್ನೀಷಿಯನ್ ನಮ್ಮ ಮೈಮೇಲೆ ಒಂದು ಚೌಕದ ಬೆಳಕು ಬೀಳಿಸುತ್ತಾರಲ್ಲ, ಆ ಬೆಳಕು ಬಿದ್ದ ಜಾಗಕ್ಕೇ ಕಿರಣವೂ ಬೀಳುತ್ತಿದೆಯೇ ಎಂಬುದು ಮೂರನೆಯದು. ಒಳಗಿನ ಕನ್ನಡಿ ಸ್ವಲ್ಪ ಸರಿದಿದ್ದರೂ ಬೆಳಕು ಒಂದು ಕಡೆ, ಕಿರಣ ಇನ್ನೊಂದು ಕಡೆ. ಆಗ ಬೇಕಾದ ಮೂಳೆ ಚಿತ್ರದಲ್ಲಿ ಬರುವುದಿಲ್ಲ, ಮತ್ತೆ ತೆಗೆಯಬೇಕು. ಅಂದರೆ ಎರಡು ಪಾಲು ವಿಕಿರಣ.

ಟ್ಯೂಬಿನ ಬಾಯಿಗೆ ಅಲ್ಯೂಮಿನಿಯಂ ಹಾಳೆಯ ಜರಡಿ ಇರುತ್ತದೆ. ಚಿತ್ರಕ್ಕೆ ಉಪಯೋಗವಿಲ್ಲದೆ ಚರ್ಮದಲ್ಲೇ ಹೀರಿಹೋಗುವ ದುರ್ಬಲ ಕಿರಣಗಳನ್ನು ಅದು ತಡೆಯುತ್ತದೆ. ಆ ಜರಡಿ ಸರಿಯಾಗಿದೆಯೇ ಎಂದೂ ನೋಡಬೇಕು. ಟ್ಯೂಬಿನ ಕವಚದಿಂದ ಅಕ್ಕಪಕ್ಕಕ್ಕೆ ಸೋರಿಕೆ ಆಗುತ್ತಿದೆಯೇ ಎಂದೂ ಅಳೆಯಬೇಕು. ಸಿ.ಟಿ. ಯಂತ್ರಕ್ಕಾದರೆ ನೀರು ತುಂಬಿದ ಒಂದು ಡಬ್ಬಿಯನ್ನು ಮಲಗಿಸಿ ಸ್ಕ್ಯಾನ್ ಮಾಡುತ್ತಾರೆ. ಸಿ.ಟಿ. ಲೆಕ್ಕದಲ್ಲಿ ನೀರಿನ ಅಂಕ ಸೊನ್ನೆ. ಯಂತ್ರ ಸೊನ್ನೆಯ ಆಸುಪಾಸು ತೋರಿಸದಿದ್ದರೆ ಅದನ್ನು ಸರಿಪಡಿಸಿಯೇ ಮುಂದುವರಿಯಬೇಕು.

ಹಳೆಯ ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಫಿಲ್ಮು ಕಪ್ಪಾಗಿ ತಾನೇ ದೂರು ಹೇಳುತ್ತಿತ್ತು. ಡಿಜಿಟಲ್ ಬಂದ ಮೇಲೆ ಆ ಸಾಕ್ಷಿ ಹೋಯಿತು. ಕಿರಣ ಎರಡು ಪಟ್ಟಾದರೂ ಕಂಪ್ಯೂಟರ್ ಚಿತ್ರವನ್ನು ತಿದ್ದಿ ಅಚ್ಚುಕಟ್ಟಾಗಿ ತೋರಿಸುತ್ತದೆ. ಕಿರಣ ಹೆಚ್ಚಾದಷ್ಟೂ ಚಿತ್ರ ಇನ್ನಷ್ಟು ನುಣುಪು! ಆದ್ದರಿಂದ ಚೆನ್ನಾಗಿ ಕಾಣುವ ಚಿತ್ರವೇ ಸುರಕ್ಷತೆಗೆ ಪ್ರಮಾಣಪತ್ರವಲ್ಲ.

ಯಾರೂ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕ್ಷಿ. ಲಾಸ್ ಏಂಜಲಿಸ್‌ನ ಹೆಸರಾಂತ ಆಸ್ಪತ್ರೆಯೊಂದರಲ್ಲಿ 2008ರಲ್ಲಿ ಪಾರ್ಶ್ವವಾಯು ರೋಗಿಗಳ ಮೆದುಳಿನ ಸಿ.ಟಿ.ಗಾಗಿ ಯಂತ್ರದ ಸೆಟ್ಟಿಂಗ್ ಬದಲಾಯಿಸಿದರು. ಅದರಿಂದ ವಿಕಿರಣ ಸುಮಾರು ಎಂಟು ಪಟ್ಟಾಯಿತು. ಹದಿನೆಂಟು ತಿಂಗಳು ಯಾರ ಗಮನಕ್ಕೂ ಬರಲಿಲ್ಲ. ಇನ್ನೂರಕ್ಕೂ ಹೆಚ್ಚು ರೋಗಿಗಳು ಇದಕ್ಕೆ ಒಳಗಾದರು. 2009ರಲ್ಲಿ ಒಬ್ಬ ರೋಗಿಯ ಕೂದಲು ಉದುರಿದಾಗಲೇ ವಿಷಯ ಬಯಲಾದದ್ದು. ಪ್ರತಿ ಸ್ಕ್ಯಾನ್‌ನ ವಿಕಿರಣದ ಅಂಕಿ ಪರದೆಯ ಮೇಲೆ ಕಾಣುತ್ತಲೇ ಇತ್ತು. ಓದುವವರು ಇರಲಿಲ್ಲ, ಅಷ್ಟೇ.

ನಿಯಮ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುವ ಸಂಸ್ಥೆ ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ. 1983ರ ನವೆಂಬರ್ 15ರಂದು ಸ್ಥಾಪನೆಯಾದ ಇದರ ಪ್ರಧಾನ ಕಚೇರಿ ಮುಂಬಯಿಯ ಅಣುಶಕ್ತಿನಗರದಲ್ಲಿದೆ. ಅಣು ವಿದ್ಯುತ್ ಸ್ಥಾವರಗಳಷ್ಟೇ ಅಲ್ಲ, ಹಲ್ಲಿನ ಡಾಕ್ಟರ ಪುಟ್ಟ ಎಕ್ಸ್-ರೇ ಕೂಡ ಇದರ ವ್ಯಾಪ್ತಿಗೆ ಬರುತ್ತದೆ. 2004ರಲ್ಲಿ ವಿಕಿರಣ ರಕ್ಷಣೆಯ ನಿಯಮಗಳು ಬಂದವು. 2016ರಲ್ಲಿ ಎಕ್ಸ್-ರೇ ಉಪಕರಣಗಳಿಗೆಂದೇ ಪರಿಷ್ಕೃತ ಸುರಕ್ಷತಾ ಸಂಹಿತೆ ಹೊರಬಿತ್ತು.

ಇದರ ಸಾರ ಇಷ್ಟು: ಪರವಾನಗಿ ಇಲ್ಲದೆ ಯಂತ್ರ ನಡೆಸುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಗುಣಮಟ್ಟ ಪರೀಕ್ಷೆ ಆಗಬೇಕು. ಟ್ಯೂಬ್ ಬದಲಾಯಿಸುವಂಥ ದೊಡ್ಡ ರಿಪೇರಿಯಾದ ಮೇಲೂ ಆಗಬೇಕು. ಕೋಣೆಯ ಗೋಡೆ ಒಂಬತ್ತು ಇಂಚಿನ ಇಟ್ಟಿಗೆಯದೋ ಅದಕ್ಕೆ ಸಮನಾದ ಸೀಸದ ರಕ್ಷಣೆಯದೋ ಇರಬೇಕು, ಬಾಗಿಲಿಗೂ ಸೀಸದ ಹೊದಿಕೆ ಬೇಕು. ಮಹಾನಗರಗಳಲ್ಲಿ ಇದು ಮುಖ್ಯ. ಏಕೆಂದರೆ ಆ ಗೋಡೆಯ ಆಚೆ ಇರುವುದು ಖಾಲಿ ಜಾಗವಲ್ಲ, ಕಾಯುವವರ ಬೆಂಚು ಅಥವಾ ಯಾರದೋ ಮನೆಯ ಅಡುಗೆಕೋಣೆ.

ಅಲ್ಲಿ ಕೆಲಸ ಮಾಡುವವರಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಮಿತಿ. ಐದು ವರ್ಷಗಳ ಲೆಕ್ಕದಲ್ಲಿ ಈ ಸರಾಸರಿ ನೋಡುತ್ತಾರೆ, ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ಸಾರ್ವಜನಿಕರಿಗೆ ಇಂಥ ಸ್ಥಳಗಳಿಂದ ವರ್ಷಕ್ಕೆ 1 ಮಾತ್ರ. ಟೆಕ್ನೀಷಿಯನ್ ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ, ಒಂದು ಚಿಕ್ಕ ಬ್ಯಾಡ್ಜ್ ಧರಿಸಿರುತ್ತಾರೆ. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಅವರಿಗೆ ತಗಲಿದ ವಿಕಿರಣವನ್ನು ಲೆಕ್ಕ ಹಾಕುತ್ತಾರೆ.

ರೋಗಿಗೆ ಮಾತ್ರ ಇಂತಿಷ್ಟೇ ಎಂಬ ಮಿತಿ ಇಲ್ಲ. ಮಿತಿ ಹಾಕಿದರೆ ಅಗತ್ಯವಾದ ಪರೀಕ್ಷೆಯೇ ತಪ್ಪಿಹೋದೀತು. ಹಾಗಾಗಿ ರೋಗಿಯ ರಕ್ಷಣೆ ಎರಡು ಮಾತಿನ ಮೇಲೆ ನಿಂತಿದೆ. ಪರೀಕ್ಷೆ ನಿಜಕ್ಕೂ ಬೇಕಾಗಿರಬೇಕು, ಬೇಕಾದ ಉತ್ತರ ಸಿಗುವಷ್ಟು ಕಡಿಮೆ ವಿಕಿರಣದಲ್ಲಿ ಅದು ಮುಗಿಯಬೇಕು. ಮೊದಲನೆಯದು ಡಾಕ್ಟರ ವಿವೇಚನೆ. ಎರಡನೆಯದು ಯಂತ್ರ ಮತ್ತು ಅದನ್ನು ನಡೆಸುವವರ ಕೈಯಲ್ಲಿದೆ.

ನಾವೇನು ಮಾಡಬಹುದು?

ಊರಿನಿಂದ ಹಿರಿಯರು ಹೊರಡುವಾಗಲೇ ಹಳೆಯ ಫಿಲ್ಮು, ಸಿ.ಡಿ., ರಿಪೋರ್ಟು ಎಲ್ಲವನ್ನೂ ತರಲು ಹೇಳಿ. ಟ್ರಂಕಿನಲ್ಲಿ ಉಳಿದುಹೋದ ಫಿಲ್ಮಿನಿಂದಾಗಿ ಇಲ್ಲಿ ಅದೇ ಸ್ಕ್ಯಾನ್ ಮತ್ತೊಮ್ಮೆ ಮಾಡಿಸಿದರೆ ಹಣವೂ ದಂಡ, ವಿಕಿರಣವೂ ದಂಡ.

ಇನ್ನೊಂದು ಮಾತು ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಒಳಗೆ ಟೆಕ್ನೀಷಿಯನ್ 'ಸಾಂಸ್ ರೋಕಿಯೇ' ಎನ್ನುತ್ತಾರೆ. ಚೆನ್ನೈಯಲ್ಲಾದರೆ ತಮಿಳು, ಹೈದರಾಬಾದಿನಲ್ಲಿ ತೆಲುಗು. ಕನ್ನಡವಷ್ಟೇ ಬಲ್ಲ ಅಜ್ಜಿ ಏನೆಂದು ತಿಳಿಯದೆ 'ಆಂ?' ಎಂದು ತಲೆ ಎತ್ತಿದರೆ ಚಿತ್ರ ಮಸುಕು, ಮತ್ತೊಂದು ಸಲ ಕಿರಣ. ಆದ್ದರಿಂದ ಹೊರಗೆ ಕುಳಿತಾಗಲೇ ಕನ್ನಡದಲ್ಲಿ ಹೇಳಿಕೊಡಿ: ಉಸಿರು ಎಳೆದುಕೊಂಡು ಬಿಗಿಹಿಡಿಯಬೇಕು, ಅಲುಗಾಡಬಾರದು, ಬಿಡಿ ಎಂದಾಗ ಬಿಡಬೇಕು. ಎರಡು ಸಲ ಅಭ್ಯಾಸ ಮಾಡಿಸಿ. ಸರ, ತಾಯಿತ, ಹೇರ್‌ಪಿನ್ನುಗಳನ್ನು ಮೊದಲೇ ತೆಗೆಸಿಡಿ.

ಮುಟ್ಟು ತಡವಾಗಿದ್ದರೆ ಅಥವಾ ಗರ್ಭಿಣಿ ಇರಬಹುದೆಂಬ ಅನುಮಾನವಿದ್ದರೆ ಸಂಕೋಚ ಬಿಟ್ಟು ಮೊದಲೇ ಹೇಳಿ. ಕಿರಣ ಹಾಯಿಸುವಾಗ ಬಾಗಿಲು ಮುಚ್ಚಿರಬೇಕು, ರೋಗಿಯನ್ನು ಬಿಟ್ಟು ಬೇರೆಯವರು ಹೊರಗಿರಬೇಕು. ಮಗುವನ್ನೋ ವೃದ್ಧರನ್ನೋ ಹಿಡಿದುಕೊಳ್ಳಲೇಬೇಕಾದರೆ ಗರ್ಭಿಣಿಯಲ್ಲದ ಸಂಬಂಧಿಕರೊಬ್ಬರು ಸೀಸದ ಏಪ್ರನ್ ತೊಟ್ಟು ಹಿಡಿಯಬಹುದು. ರೋಗಿಯ ಹೊಟ್ಟೆಯ ಕೆಳಗೆ ಸೀಸದ ಹೊದಿಕೆ ಹಾಕಲಿಲ್ಲವೆಂದು ಮಾತ್ರ ಜಗಳ ಬೇಡ. ಅದು ಕೆಲವೊಮ್ಮೆ ಚಿತ್ರಕ್ಕೇ ಅಡ್ಡ ಬರುತ್ತದೆಂದು 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವೇ ಆ ವಾಡಿಕೆಯನ್ನು ಕೈಬಿಡಲು ಸಲಹೆ ಮಾಡಿತು.

ಡಾಕ್ಟರು ಸಿ.ಟಿ. ಬರೆದಾಗ 'ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಸೋನೋಗ್ರಫಿ ಸಾಕಾಗುವುದಿಲ್ಲವೇ?' ಎಂದು ವಿನಯದಿಂದ ಕೇಳಿ. ಬೇಕೇ ಬೇಕು ಎಂದರೆ ನಿಶ್ಚಿಂತೆಯಿಂದ ಮಾಡಿಸಿ.

ಸೆಂಟರಿನ ಕೌಂಟರಿನಲ್ಲಿ ಎರಡೇ ಪ್ರಶ್ನೆ ಕೇಳಿ: ಎಇಆರ್‌ಬಿ ಪರವಾನಗಿ ಇದೆಯೇ? ಕೊನೆಯ ಗುಣಮಟ್ಟ ಪರೀಕ್ಷೆ ಯಾವಾಗ ಆಯಿತು? ನೇರವಾಗಿ ನಡೆಯುವ ಸೆಂಟರಿನವರು ಕಡತ ತೆಗೆದು ದಿನಾಂಕ ತೋರಿಸುತ್ತಾರೆ. ತೋರಿಸಲು ಹಿಂದೆಮುಂದೆ ನೋಡಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಸೆಂಟರ್ ಇದ್ದೇ ಇರುತ್ತದೆ. ನಾಲ್ಕು ಜನ ಗಿರಾಕಿಗಳು ಹೀಗೆ ಕೇಳಲು ಶುರು ಮಾಡಿದರೆ, ಐದನೆಯವರು ಬರುವಷ್ಟರಲ್ಲಿ ಆ ಕಡತ ಮೇಜಿನ ಮೇಲೇ ಇರುತ್ತದೆ.