ಉಗ್ರಾಣದ ಬೀಗದ ಕೈ

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಮಾಣಿಗಳಿಗೆ ಅಡುಗೆಮನೆಯ ಬಾಗಿಲು ಸದಾ ತೆರೆದಿರುತ್ತಿತ್ತು. ಉಗ್ರಾಣದ ಬೀಗದ ಕೈ ಮಾತ್ರ ನಮ್ಮಲ್ಲಿಯೇ ಇರುತ್ತಿತ್ತು. ಅದು ಅಪನಂಬಿಕೆಯಲ್ಲ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವೆಂಬುದು ಸುವ್ಯವಸ್ಥೆಯ ಮೊದಲ ಸೂತ್ರ. ವಾಚಕರ ಕೈಯಲ್ಲಿರುವ ಆಂಡ್ರಾಯ್ಡ್ ಫೋನೂ ಇದೇ ಸೂತ್ರದಿಂದ ನಡೆಯುತ್ತದೆ. ಅದರೊಳಗಿನ ಆ್ಯಪ್‌ಗಳು ತಮ್ಮ ತಮ್ಮ ಕೋಣೆಗಳಲ್ಲಿರುತ್ತವೆ. ಒಂದರ ಗುಟ್ಟು ಇನ್ನೊಂದಕ್ಕೆ ತಿಳಿಯದು.

ಆದರೆ ಈ ಗೋಡೆಗಳನ್ನು ದಾಟಬಲ್ಲ ವಿಶೇಷ ಸೇವೆಯೊಂದುಂಟು. ಅದಕ್ಕೆ ಆ್ಯಕ್ಸೆಸಿಬಿಲಿಟಿ ಎಂದು ಹೆಸರು. ಅಂಧರಿಗೆ ಪರದೆಯ ಬರಹವನ್ನು ಓದಿ ಹೇಳಲು, ಕೈ ಸ್ವಾಧೀನವಿಲ್ಲದವರ ಪರವಾಗಿ ಗುಂಡಿ ಒತ್ತಲು ಏರ್ಪಟ್ಟ ಸೌಲಭ್ಯವಿದು. ಇದೇ ಶಕ್ತಿ ವಂಚಕನ ಆ್ಯಪ್‌ಗೆ ದೊರೆತರೆ, ಅದು ಪರದೆಯ ಮೇಲಿನ ಗುಟ್ಟನ್ನು ಓದುವುದು. ನಮ್ಮ ಹೆಸರಿನಲ್ಲಿ ಗುಂಡಿಯನ್ನೂ ಒತ್ತುವುದು.

ಇದನ್ನರಿತು ಗೂಗಲ್ ಸಂಸ್ಥೆಯು 2022ರಲ್ಲಿ ಆಂಡ್ರಾಯ್ಡ್ 13ರೊಂದಿಗೆ ನಿರ್ಬಂಧವೊಂದನ್ನು ತಂದಿತು. ಯಾರೋ ಕಳುಹಿಸಿದ ಎಪಿಕೆ ಫೈಲಿನಿಂದ ಹಾಕಿಕೊಂಡ ಆ್ಯಪ್‌ಗೆ ಈ ಸೇವೆಯಾಗಲಿ, ನೋಟಿಫಿಕೇಶನ್ ಓದುವ ಅಧಿಕಾರವಾಗಲಿ ಸುಲಭವಾಗಿ ದಕ್ಕದು.

ಬೀಗವೇನೋ ಬಿತ್ತು, ಬೀಗದ ಕೈ ಫೋನಿನ ಒಡೆಯನಲ್ಲಿಯೇ ಉಳಿದಿದೆ. ಸೆಟ್ಟಿಂಗ್ಸ್‌ನಲ್ಲಿ ಆತನು ಆ ನಿರ್ಬಂಧವನ್ನು ತೆಗೆಯಬಲ್ಲನು. ಆದುದರಿಂದ ವಂಚಕನಿಗೆ ಬೀಗ ಒಡೆಯುವ ಶ್ರಮವೇ ಇಲ್ಲ. ಬ್ಯಾಂಕಿನವನೆಂದು ಕರೆಮಾಡಿ, ಸವಿಮಾತಾಡಿ, ನಮ್ಮ ಕೈಯಿಂದಲೇ ತೆಗೆಸುತ್ತಾನೆ.

ದೂರದ ಊರಿನ ಮನೆಗೆಂದು ಬೆವರಿಳಿಸಿ ಹಣ ಕೂಡಿಡುವ ನಮ್ಮ ಬಂಧುಗಳಲ್ಲಿ ಬಿನ್ನಹವಿಷ್ಟೇ: ಕರೆಮಾಡಿದವನು ಎಷ್ಟೇ ಅವಸರಪಡಿಸಲಿ, ಆತನ ಮಾತಿಗೆ ಈ ನಿರ್ಬಂಧವನ್ನು ಸಡಿಲಿಸಬೇಡಿರಿ. ಗುರುತಿಲ್ಲದವನಿಗೆ ಉಗ್ರಾಣ ತೆರೆದುಕೊಟ್ಟ ಮೇಲೆ ಗಲ್ಲಾಪೆಟ್ಟಿಗೆಗೆ ಕಾವಲು ಕುಳಿತು ಫಲವೇನು?