ಕಿಡಿ ಕಲ್ಲಿನದೋ, ಉಕ್ಕಿನದೋ?

ಚಾಮರಾಜನಗರದ ಬಳಿಯ ಹರದನಹಳ್ಳಿಯಂಥ ಊರುಗಳಿಗೆ ಬೆಂಕಿಪೆಟ್ಟಿಗೆ ಬರುವ ಮುನ್ನ ಚಕಮಕಿ ಬಳಕೆಯಲ್ಲಿತ್ತು. ಉಕ್ಕಿನ ತುಂಡು, ಬೆಣಚುಕಲ್ಲು, ಒಂದಿಷ್ಟು ಅರಳೆ – ಇಷ್ಟೇ ಸಲಕರಣೆ. ಉಕ್ಕಿಗೆ ಕಲ್ಲು ತಾಗಿಸಿದಾಗ ಸಿಡಿಯುವ ಕಿಡಿ ಯಾವುದರದು? ಕಲ್ಲಿನದೆಂದು ಹಲವರ ಭಾವನೆ. ವಾಸ್ತವವಾಗಿ ಅದು ಉಕ್ಕಿನದು. ಮೋಸ್ ಮಾನದಲ್ಲಿ ಬೆಣಚುಕಲ್ಲಿನ ಕಾಠಿಣ್ಯ 7. ಅದು ಉಕ್ಕನ್ನು ಹೆರೆಯುತ್ತದೆ. ಹೆರೆದ ಸೂಕ್ಷ್ಮ ಚೂರುಗಳು ಘರ್ಷಣೆಯಿಂದ ಕಾದು, ಗಾಳಿಯ ಆಕ್ಸಿಜನ್‌ನೊಡನೆ ಸಂಯೋಗಗೊಂಡು ಉರಿಯುತ್ತವೆ.

ಕಿಡಿಯ ತಾಪ ಬಹಳ ಹೆಚ್ಚು. ಆದರೆ ದ್ರವ್ಯರಾಶಿ ಅತ್ಯಲ್ಪವಾದ್ದರಿಂದ ಅದರಲ್ಲಿರುವ ಉಷ್ಣ ಕಡಿಮೆ. ಹೀಗಾಗಿ ಸೌದೆ ಹೊತ್ತಿಕೊಳ್ಳದು. ಬೇಗ ಕಾಯುವ ಅರೆಸುಟ್ಟ ಅರಳೆ ಕೆಂಡವಾಗುತ್ತದೆ. ಅದರ ಮೇಲೆ ಒಣಹುಲ್ಲಿಟ್ಟು ಊದಿದರೆ ಜ್ವಾಲೆ ಏಳುತ್ತದೆ.

ಕಾಡಿನ ಒಣಹುಲ್ಲಿಗೂ ಇದೇ ಗುಣ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕಾಳ್ಗಿಚ್ಚಿಗೆ ಸಾವಿರಾರು ಎಕರೆ ಕಾಡು ಬೆಂದಿತು. ಆದ್ದರಿಂದ ಚಕಮಕಿಯ ಪ್ರಯೋಗ ಶಾಲೆಯ ಬಯಲು ಅಂಗಳದಲ್ಲಿ, ಶಿಕ್ಷಕರ ಎದುರಿನಲ್ಲಿ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು ನಡೆಯಲಿ. ಕಾಡಿನಂಚಿನ ಶಿಬಿರಕ್ಕೆ ಸೀಮೆಎಣ್ಣೆ ಲಾಟೀನೂ ತಕ್ಕುದಲ್ಲ. ಅದರ ಗಾಜು ಗಾಳಿಯಿಂದ ಜ್ವಾಲೆಯನ್ನು ಕಾಪಾಡುತ್ತದೆ ನಿಜ. ಉರುಳಿದರೆ ಎಣ್ಣೆ ಚೆಲ್ಲಿ ಬೆಂಕಿ ಹರಡಬಹುದು. ಅಲ್ಲಿ ಎಲ್‌ಇಡಿ ಲಾಟೀನೇ ಲೇಸು.