ಮನೆಯ ಹವಳಕ್ಕೆ ಯಾವ ಕ್ಯಾಮೆರಾ?

ನಿವೃತ್ತನಾದ ಮೇಲೆ ನಮ್ಮ ನ್ಯೂಜೆರ್ಸಿ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಹವಳ ಸಾಕುತ್ತಿದ್ದೇನೆ. ವಾರಕ್ಕೊಮ್ಮೆ ಫೋನಿನಲ್ಲಿ ಚಿತ್ರ ತೆಗೆದಿಡುವುದು ರೂಢಿ. ಹೋದ ವರ್ಷ ಒಂದು ಹವಳ ಬಿಳಿಚಿಕೊಂಡು ಸತ್ತಿತು. ಹಳೆಯ ಚಿತ್ರಗಳನ್ನು ತಿರುವಿ ನೋಡಿದರೆ ಎಲ್ಲವೂ ಬರೀ ನೀಲಿ. ಕಾಯಿಲೆ ಯಾವ ವಾರ ಶುರುವಾಯಿತೆಂದೇ ತಿಳಿಯಲಿಲ್ಲ. ರೋಗಿಯ ದಾಖಲೆ ಸರಿಯಾಗಿಡದ ವೈದ್ಯನಂತೆ ನಾಚಿಕೆಯಾಯಿತು. ಆಗಲೇ ಕ್ಯಾಮೆರಾ ಹುಡುಕಲು ಹೊರಟೆ.

ತೊಂದರೆಯ ಮೂಲ ಬೆಳಕು. ಹವಳದ ತೊಟ್ಟಿಯ ಎಲ್‌ಇಡಿ ದೀಪಗಳಲ್ಲಿ 420ರಿಂದ 460 ನ್ಯಾನೊಮೀಟರ್ ಆಸುಪಾಸಿನ ನೀಲಿಯೇ ಹೆಚ್ಚು. ಹವಳದ ಕೆಲವು ಪ್ರೋಟೀನುಗಳು ಆ ನೀಲಿಯನ್ನು ಹೀರಿ ಹಸಿರು, ಕೆಂಪು ಬೆಳಕು ಸೂಸುತ್ತವೆ. ಇಂಥ ಹಸಿರು ಪ್ರೋಟೀನನ್ನು ಮೊದಲು ಜೆಲ್ಲಿಫಿಶ್‌ನಲ್ಲಿ ಕಂಡ ಒಸಾಮು ಶಿಮೊಮುರಾ 2008ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಕಣ್ಣಿನ ಪರೀಕ್ಷೆಯಲ್ಲಿ ಫ್ಲೋರೆಸಿನ್ ಹಾಕಿ ನೀಲಿ ದೀಪ ಹಿಡಿದಾಗ ಗೀರು ಹಸಿರಾಗಿ ಹೊಳೆಯುವುದೂ ಹೀಗೆಯೇ. ನಮ್ಮ ಮಿದುಳು ನೀಲಿಗೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾದ ಸೆನ್ಸರ್ ನೀಲಿಯಲ್ಲಿ ಮುಳುಗಿಹೋಗುತ್ತದೆ.

ಆದ್ದರಿಂದ ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟು ಮೂರು ಪ್ರಶ್ನೆ ಕೇಳಿ.

ಒಂದು, ಚಿತ್ರವನ್ನು ರಾ ರೂಪದಲ್ಲಿ ಉಳಿಸುತ್ತದೆಯೇ? ಹಾಗಿದ್ದರೆ ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದು.

ಎರಡು, ವೈಟ್ ಬ್ಯಾಲೆನ್ಸ್, ಶಟರ್, ಐಎಸ್‌ಒ ಇವನ್ನು ನಾವೇ ಹೊಂದಿಸಿ ಹಾಗೆಯೇ ಇಡಬಹುದೇ? ಆಟೊದಲ್ಲಿ ಬಿಟ್ಟರೆ ಪ್ರತಿಸಲ ಬಣ್ಣ ಬದಲಾಗಿ ಹೋಲಿಕೆ ಕೆಡುತ್ತದೆ.

ಮೂರು, ಎಷ್ಟು ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ತೋರಿಸುತ್ತದೆ? ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಕ್ಕೆ 90ರಿಂದ 105 ಮಿ.ಮೀ. ಮ್ಯಾಕ್ರೊ ಲೆನ್ಸ್ ಅನುಕೂಲ. ಸಣ್ಣದು ಸಾಕೆನ್ನುವವರಿಗೆ 2019ರಲ್ಲಿ ಬಂದ ಒಲಿಂಪಸ್ ಟಿಜಿ-6 ಇದೆ: ರಾ ಉಂಟು, 1 ಸೆಂ.ಮೀ. ಹತ್ತಿರಕ್ಕೂ ಹೋಗುತ್ತದೆ, ನೀರಿನಲ್ಲೂ ಮುಳುಗಿಸಬಹುದು. ಮುಳುಗಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಖರ್ಚೇ ಬೇಡವೆಂದರೆ ಫೋನಿನ ಲೆನ್ಸಿಗೆ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಹಾಕಿ ನೋಡಿ.

ಯಾವ ಕ್ಯಾಮೆರಾ ಆದರೂ ಗಾಜು ಒರೆಸಿ, ಕೋಣೆಯ ದೀಪ ಆರಿಸಿ, ಪಂಪು ನಿಲ್ಲಿಸಿ, ಲೆನ್ಸನ್ನು ಗಾಜಿಗೆ ನೇರವಾಗಿ ಹಿಡಿಯಿರಿ. ಓರೆಯಾದರೆ ಚಿತ್ರ ಮಸುಕಾಗುತ್ತದೆ. ಟ್ರೈಪಾಡ್ ಇರಲಿ. ಮುಗಿದ ಮೇಲೆ ಪಂಪು ಹಾಕಲು ಮರೆಯಬೇಡಿ!

ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ, ಜೊತೆಗೆ 100 ಮಿ.ಮೀ. ಮ್ಯಾಕ್ರೊ. ಪ್ರತಿ ಭಾನುವಾರ ಅದೇ ಹೊತ್ತಿಗೆ, ನೀಲಿ ತಗ್ಗಿಸಿ ಬಿಳಿ ದೀಪದಲ್ಲಿ ಒಂದೊಂದು ಹವಳದ ಚಿತ್ರ ತೆಗೆಯುತ್ತೇನೆ. ಈ ಬೇಸಿಗೆಯಲ್ಲಿ ಒಂದರ ಅಂಚು ಮಾಸುತ್ತಿರುವುದು ಎರಡೇ ವಾರದಲ್ಲಿ ಕಂಡಿತು. ದೀಪದ ಪ್ರಖರತೆ ಇಳಿಸಿದೆ. ಈಗ ಬಣ್ಣ ಮರಳುತ್ತಿದೆ.